ಹಸಿರು ಮುಚ್ಚಳ

ತಾರೀಖು ಹದಿನಾಲ್ಕು, ಭಾನುವಾರ
ಬೆಳಿಗ್ಗೆ ಹನ್ನೊಂದು ಗಂಟೆ

ನನ್ನ ಗುಬ್ಬಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಅದಕ್ಕೇ ಆ ಸಾಲನ್ನು ಬಿಟ್ಟೆ. ನೀನು, ನಿಮ್ಮವರು, ನಿಮ್ಮತ್ತೆ, ಎಲ್ಲರಿಗಿಂತ ಮೊದಲು ನಿನ್ನ ಐದು ತಿಂಗಳ ಗುಂಡ, ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ.

ನಿನ್ನ ಕಾಗದ ಬಂದು ಆರು ವಾರವಾಯಿತು. ಕೆಲಸದ ನೆಪ ಹೇಳಬಹುದಿತ್ತು. ಆದರೆ ಮಕ್ಕಳ ವಾರ್ಡಿನಲ್ಲಿ ಕೆಲಸಕ್ಕೆ ಯಾವತ್ತು ಬರವಿತ್ತು? ನಿಜ ಏನೆಂದರೆ ನಿನ್ನ ಕಾಗದದಲ್ಲಿದ್ದ ಒಂದು ಪ್ರಶ್ನೆಗೆ ಹೆದರಿ ಕೂತಿದ್ದೆ. ನಡುವೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿಮ್ಮತ್ತೆಯೇ ಎತ್ತಿದರು. ಒಂದು ಸಲ ಈರುಳ್ಳಿ ಬೆಲೆ, ಇನ್ನೊಂದು ಸಲ ಅವರ ಮಂಡಿನೋವು, ಇಷ್ಟು ಮಾತಾಡಿ ಇಟ್ಟುಬಿಟ್ಟೆ. ಇಪ್ಪತ್ತಾರು ವರ್ಷದಿಂದ ಡಾಕ್ಟರುಗಳನ್ನೇ ಗದರಿಸಿಕೊಂಡು ಬಂದ ಹೆಂಗಸು ನಾನು. ಒಬ್ಬರ ಮಂಡಿನೋವಿಗೆ ಹೆದರಿ ಫೋನ್ ಇಟ್ಟೆ ಎಂದರೆ ರೇಡಿಯೋ ಬಿದ್ದು ಬಿದ್ದು ನಗುತ್ತಾಳೆ. (ರೇಡಿಯೋ ನೆನಪಿದ್ದಾಳಲ್ಲ, ನಮ್ಮ ವಾರ್ಡಿನ ಆ ಬಾಯಿಬಡುಕಿ ನರ್ಸು? ಆಫ್ ಮಾಡುವ ಗುಂಡಿಯೇ ಇಲ್ಲದವಳು.)

ನೀನು ಬರೆದಿದ್ದೆ, ಗುಂಡನ ಕಿವಿಯ ಎರಡನೇ ಪರೀಕ್ಷೆಯೂ ಆಯಿತು, ಎರಡು ಕಿವಿಯೂ ಮಂದ, ಇನ್ನೆರಡು ತಿಂಗಳಲ್ಲಿ ಯಂತ್ರ ಹಾಕುತ್ತಾರೆ ಎಂದು. ಬಾಗಿಲು ದಡಾರನೆ ಬಡಿದರೂ ಬೆಚ್ಚುವುದಿಲ್ಲ, ಆದರೆ ನಿನ್ನ ಮುಖ ಕಂಡರೆ ಮೈಯೆಲ್ಲ ನಗುತ್ತಾನೆ ಎಂದು. ಅದರ ಕೆಳಗೆ ಬೇರೆ ಶಾಯಿಯಲ್ಲಿ, ಬಹುಶಃ ಮಾರನೆಯ ದಿನ ಬರೆದದ್ದು: "ಅಕ್ಕಾ, ಲೈಟಿನ ಕೆಳಗಿಂದ ನಾನು ಅವನನ್ನ ಎಷ್ಟು ಸಲ ಎತ್ಕೊಂಡೆ ಅಂತ ನಿಮ್ಮ ಚಾರ್ಟಲ್ಲಿ ಇರತ್ತಲ್ವಾ? ಒಂದ್ಸಲ ನೋಡಿ ಹೇಳು. ಎಷ್ಟು ಅಂತ ಗೊತ್ತಾದ್ರೆ ಸಾಕು ನಂಗೆ. ಎಷ್ಟೇ ಇರಲಿ, ತಡ್ಕೋತೀನಿ."

ಆ ಚಾರ್ಟನ್ನು ಮೊನ್ನೆ ನೋಡಿದೆ. ಕಾಗದದ ಕೊನೆಯವರೆಗೂ ನಿನ್ನನ್ನು ಕಾಯಿಸುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಗುಂಡನ ಕಿವಿ ಹೋದದ್ದು ನಿನ್ನಿಂದ ಅಲ್ಲ. ನನ್ನಿಂದ. ಇದನ್ನು ಬರೆದ ಮೇಲೆ ಎದ್ದುಹೋಗಿ ಮುಖ ತೊಳೆದುಕೊಂಡು ಬಂದೆ. ಇನ್ನೂ ನಂಬಲು ಆಗುತ್ತಿಲ್ಲ. ಗುರುವಾರದಿಂದ ಕೈಗೆ ಸಿಕ್ಕ ಪಾತ್ರೆಯೆಲ್ಲ ಜಾರಿ ಬೀಳುತ್ತಿದೆ.

ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಈ ಕಾಗದವನ್ನು ನೀನು ನಿಮ್ಮತ್ತೆಗೂ ನಿಮ್ಮವರಿಗೂ ಓದಿ ಹೇಳಬೇಕು. ಅವರಿಗೆ ಅರ್ಥವಾಗಬೇಕು.

ಹುಟ್ಟಿದ ಮಕ್ಕಳಿಗೆ ಕಾಮಾಲೆ ಬರುವುದು ಹೊಸದೇನಲ್ಲ. ರಕ್ತದಲ್ಲಿ ಹಳದಿ ಅಂಶ ಹೆಚ್ಚುತ್ತದೆ. ನೀಲಿ ಬೆಳಕಿನ ಕೆಳಗೆ ಬರಿಮೈಯಲ್ಲಿ, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರೆ ಆ ಅಂಶ ಒಡೆದು ಹೊರಗೆ ಹೋಗುತ್ತದೆ. ಎರಡು ಮೂರು ದಿನದಲ್ಲಿ ಮಗು ಮನೆಗೆ. ಆದರೆ ಕೆಲವು ಮಕ್ಕಳಿಗೆ ಅದು ಬೇಗ ಬೇಗ ಏರುತ್ತದೆ. ಅಳತೆಯ ಅಂಕಿ ಇಪ್ಪತ್ತರ ಮಿತಿ ಮೀರಿದರೆ ಮಿದುಳಿಗೆ, ಕಿವಿಯ ನರಕ್ಕೆ ಪೆಟ್ಟು ಬೀಳಬಹುದು. ನಿನ್ನ ರಕ್ತದ ಗುಂಪಿಗೂ ಗುಂಡನದಕ್ಕೂ ಹೊಂದುವುದಿಲ್ಲವಾದ್ದರಿಂದ ಅವನು ಅಂಥ ಮಗು ಎಂದು ದೊಡ್ಡ ಡಾಕ್ಟರು ಮೊದಲ ದಿನವೇ ಬರೆದಿದ್ದರು.

ಆಗ ನಮ್ಮ ವಾರ್ಡಿನಲ್ಲಿ ಒಂದು ಅಧ್ಯಯನ ನಡೆಯುತ್ತಿತ್ತು. ದೊಡ್ಡವರ ಪಿತ್ತಕೋಶದ ಕಲ್ಲಿಗೆ ಕೊಡುವ ಒಂದು ಔಷಧಿಯನ್ನು, ಬೆಳಕಿನ ಜೊತೆಗೆ ಈ ಮಕ್ಕಳಿಗೂ ಹನಿಯಾಗಿ ಕೊಟ್ಟರೆ ಕಾಮಾಲೆ ಬೇಗ ಇಳಿಯುತ್ತದೆಯೇ ಎಂದು ನೋಡುವುದು. ಅರ್ಧ ಮಕ್ಕಳಿಗೆ ಬೆಳಕು ಮತ್ತು ಔಷಧಿ. ಇನ್ನರ್ಧಕ್ಕೆ ಬೆಳಕು ಮತ್ತು ಬರೀ ಸಕ್ಕರೆ ಪಾಕ. ಬಾಟಲಿ ಎರಡೂ ಒಂದೇ ಥರ, ಒಂದಕ್ಕೆ ಹಸಿರು ಮುಚ್ಚಳ, ಇನ್ನೊಂದಕ್ಕೆ ಹಳದಿ. ಯಾವುದರಲ್ಲಿ ಏನಿದೆ ಎಂದು ನಮಗಾಗಲಿ ಡಾಕ್ಟರಿಗಾಗಲಿ ಗೊತ್ತಿಲ್ಲ. ಅದನ್ನು ಬರೆದ ಚೀಟಿ ಲಕೋಟೆಯಲ್ಲಿ ಮೊಹರು ಮಾಡಿ ಔಷಧಾಲಯದ ಬೀರುವಿನಲ್ಲಿ. ದೊಡ್ಡ ಡಾಕ್ಟರು ಮೊದಲ ದಿನ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದರು: "ಯಾವುದು ಔಷಧಿ ಅಂತ ಊಹೆ ಕೂಡ ಮಾಡಬೇಡಿ. ಎಲ್ಲಾ ಮಕ್ಕಳನ್ನೂ ಒಂದೇ ಥರ ನೋಡ್ಕೊಳ್ಳಿ."

ಊಹೆ ಮಾಡಬೇಡಿ ಎಂದರೆ ಮಾಡದೆ ಇರುವವರು ನಾವಾ? ಮೊದಲ ವಾರ ಹಸಿರು ಮುಚ್ಚಳದ ಐದು ಮಕ್ಕಳು ಬಂದವು. ಐದೂ ಎರಡೇ ದಿನಕ್ಕೆ ಬೆಳಕಿನಿಂದ ಎದ್ದು ಮನೆಗೆ ಹೋದವು. ಹಳದಿ ಮುಚ್ಚಳದ ಒಂದು ಕೂಸು ಐದು ದಿನ ಮಲಗಿತು. ರೇಡಿಯೋ ಸಾರಿಬಿಟ್ಟಳು: "ಸಿಸ್ಟರ್, ಬರ್ದಿಟ್ಕೊಳ್ಳಿ, ಹಸಿರೇ ಔಷಧಿ. ತಪ್ಪಾದ್ರೆ ನನ್ನ ಹೆಸರು ಬದಲಾಯ್ಸಿ." ನಾನು ಅವಳ ಬಾಯಿ ಮುಚ್ಚಿಸಬೇಕಿತ್ತು. ಮುಚ್ಚಿಸಿದೆ ಕೂಡ, ಎಲ್ಲರೆದುರಿಗೆ. ಆದರೆ ಮನಸ್ಸಿನಲ್ಲಿ ನಾನೂ ಬರೆದಿಟ್ಟುಕೊಂಡೆ. ಇಷ್ಟು ವರ್ಷದ ಕಣ್ಣಲ್ಲವೇ ಇದು. ಮಗುವಿನ ಅಂಗಾಲು ನೋಡಿ ರಕ್ತದಲ್ಲಿ ಎಷ್ಟಿದೆ ಎಂದು ಹೇಳುವವಳು ನಾನು ಎಂಬ ಜಂಬ. ಒಂದು ತಿಂಗಳಾಗುವಷ್ಟರಲ್ಲಿ ವಾರ್ಡಿನಲ್ಲಿ ಯಾರೂ ಅದನ್ನು ಊಹೆ ಎಂದು ತಿಳಿದಿರಲಿಲ್ಲ. ಹಸಿರು ಮುಚ್ಚಳ ಬಂದ ಮಗುವಿನ ತಾಯಿಗೆ ಕಣ್ಣಲ್ಲೇ ಧೈರ್ಯ ಹೇಳುತ್ತಿದ್ದೆವು.

ಗುಂಡನಿಗೆ ಹಸಿರು ಬಂತು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಲು ನಿಮ್ಮವರು ಹಿಂದೆಮುಂದೆ ನೋಡಿದರು, "ನಮ್ಮ ಮಗು ಮೇಲೇ ಯಾಕೆ ಪ್ರಯೋಗ?" ಎಂದರು. ನೀನು ಕಾಗದ ಓದಲೂ ಇಲ್ಲ, ನನ್ನ ಮುಖ ನೋಡಿ ಸಹಿ ಹಾಕಿದೆ. ಬಾಟಲಿ ಕೈಗೆ ಬಂದಾಗ ನಾನು ನಿನ್ನ ಭುಜ ಒತ್ತಿದ್ದೆ, ನೆನಪಿದೆಯಾ? ನಮ್ಮ ಅದೃಷ್ಟ ಚೆನ್ನಾಗಿದೆ ಎಂದು ಅದರ ಅರ್ಥ.

ಈಗ ಗುರುವಾರದ ವಿಷಯ. ಕೊನೆಯ ಮಗುವಿನ ಲೆಕ್ಕವೂ ಮುಗಿದಿತ್ತು. ಲಕೋಟೆ ಒಡೆಯುತ್ತಾರೆ ಎಂದು ಎಲ್ಲರೂ ಡಾಕ್ಟರ ಕೋಣೆಯಲ್ಲಿ ಸೇರಿದ್ದೆವು. ಕುರ್ಚಿ ಸಾಲದೆ ರೇಡಿಯೋ ಕಿಟಕಿಕಟ್ಟೆಯ ಮೇಲೆ ಕೂತಿದ್ದಳು. ಯಾರೋ ಬಿಸ್ಕತ್ತು ತಂದಿದ್ದರು. ಔಷಧಾಲಯದ ಮುದುಕರು ಕನ್ನಡಕ ಹುಡುಕಿ, ಒರೆಸಿ, ಮೂಗಿನ ಮೇಲೆ ಕೂರಿಸಿ, ಲಕೋಟೆ ಹರಿಯುವಷ್ಟರಲ್ಲಿ ನಾವೆಲ್ಲ ಎರಡೆರಡು ಬಿಸ್ಕತ್ತು ತಿಂದು ಮೂರನೆಯದಕ್ಕೆ ಕೈಹಾಕಿದ್ದೆವು. ಅವರು ಓದಿದರು: "ಹಳದಿ ಮುಚ್ಚಳ, ಔಷಧಿ. ಹಸಿರು ಮುಚ್ಚಳ, ಸಕ್ಕರೆ ಪಾಕ."

ರೇಡಿಯೋ ಜೋರಾಗಿ ನಕ್ಕಳು. "ಅಯ್ಯೋ, ನನ್ನ ಹೆಸರು ಬದಲಾಯ್ಸಿ ಹಾಗಾದ್ರೆ!" ಎಂದಳು. ಉಳಿದವರೂ ನಕ್ಕರು. ನಾನೂ ನಕ್ಕೆ, ಗುಬ್ಬಿ. ಒಂದು ಕ್ಷಣ ನಾನೂ ನಕ್ಕೆ. ಆಮೇಲೆ ಗುಂಡನ ಬಾಟಲಿ ನೆನಪಾಯಿತು. ದೊಡ್ಡ ಡಾಕ್ಟರು ಏನೋ ಹೇಳುತ್ತಿದ್ದರು, ಅವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬಾಯಲ್ಲಿದ್ದ ಬಿಸ್ಕತ್ತನ್ನು ನುಂಗಲಾಗದೆ ಸೆರಗಿಗೆ ಉಗಿದುಕೊಂಡು ಹೊರಗೆ ಬಂದೆ.

ಯಾಕೆಂದರೆ ಹಸಿರು ಮುಚ್ಚಳವನ್ನು ನಂಬಿ ನಾನೊಂದು ಕೆಲಸ ಮಾಡಿದ್ದೆ. ಅದು ತಪ್ಪೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ತಪ್ಪೆನ್ನುವುದೇನು, ಅದನ್ನು ನೆನೆದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ನಮ್ಮಲ್ಲಿ ಆರು ದೀಪಗಳು. ನಾಲ್ಕು ಹೊಸವು. ಬಾಗಿಲ ಕಡೆಯ ಒಂದನೇ, ಎರಡನೇ ನಂಬರಿನವು ಹಳೆಯವು, ಉದ್ದ ಟ್ಯೂಬಿನವು. ನೋಡಲು ನೀಲಿಯಾಗಿಯೇ ಉರಿಯುತ್ತವೆ. ಆದರೆ ಹಳೆಯ ಟ್ಯೂಬು ಹೊರಗೆ ಬೆಳಗಿದರೂ ಒಳಗೆ ಬಲ ಕಳೆದುಕೊಂಡಿರುತ್ತದೆ, ಅದನ್ನು ಅಳೆಯಲು ಒಂದು ಸಣ್ಣ ಯಂತ್ರವಿದೆ. ಆ ಯಂತ್ರದ ಬ್ಯಾಟರಿ ಮುಗಿದು ಬಹಳ ದಿನವಾಗಿತ್ತು. ಹಾಗಾಗಿ ನಮ್ಮ ಪದ್ಧತಿ ಏನೆಂದರೆ, ಜೋರಾದ ಕಾಮಾಲೆಗೆ ಹೊಸ ದೀಪ, ಇಳಿಯುತ್ತಿರುವ ಮಗುವಿಗೆ ಹಳೆಯದು. ಗುಂಡ ಐದನೇ ನಂಬರಿನಲ್ಲಿದ್ದ, ಹೊಸ ದೀಪ.

ಮೂರನೇ ದಿನ ಮಧ್ಯಾಹ್ನ ಹೊಲಿಗೆ ಕೆಲಸದವಳೊಬ್ಬಳು ಮಗು ಎತ್ತಿಕೊಂಡು ಬಂದಳು. ಅವಳ ಬ್ಲೌಸಿನ ತುದಿಯಲ್ಲಿ ಇನ್ನೂ ನಾಲ್ಕು ಗುಂಡುಸೂಜಿ ಚುಚ್ಚಿಕೊಂಡೇ ಇದ್ದವು. ನಾನೇ ತೆಗೆಸಿದೆ. ಅವಳ ಹೆಣ್ಣುಮಗುವಿನ ಕಾಮಾಲೆ ಹತ್ತೊಂಬತ್ತು. ಗುಂಡನದು ಅವತ್ತು ಹತ್ತೊಂಬತ್ತರಿಂದ ಹದಿನೆಂಟಕ್ಕೆ ಇಳಿದಿತ್ತು. ಹೊಸ ದೀಪ ನಾಲ್ಕೂ ತುಂಬಿದ್ದವು. ಆ ಮಗುವಿಗೆ ಬಂದದ್ದು ಹಳದಿ ಮುಚ್ಚಳ.

ನಾನು ಲೆಕ್ಕ ಹಾಕಿದೆ. ಗುಂಡನಿಗೆ ಔಷಧಿ ಸಿಗುತ್ತಿದೆ, ಅವನು ಹಳೆ ದೀಪದಲ್ಲೂ ಇಳಿಯುತ್ತಾನೆ. ಪಾಪ, ಆ ಕೂಸಿಗೆ ಬರೀ ಸಕ್ಕರೆ ನೀರು, ಅದಕ್ಕಾದರೂ ಒಳ್ಳೆಯ ಬೆಳಕು ಸಿಗಲಿ. ನಿನಗೆ ಹೇಳಿದೆ, ನೀನು ತಲೆಯಾಡಿಸಿದೆ. ಗುಂಡನನ್ನು ಐದರಿಂದ ಎತ್ತಿ ಎರಡನೇ ನಂಬರಿಗೆ ಹಾಕಿದೆ. ಹೊಲಿಗೆಯವಳು ನನ್ನ ಕೈ ಹಿಡಿದುಕೊಂಡಳು. ವಾರ್ಡಿನ ಇನ್ನೊಬ್ಬ ತಾಯಿ, "ನೋಡ್ರೀ, ಸ್ವಂತ ತಂಗಿ ಮಗು ಅಂತಾನೂ ನೋಡ್ಲಿಲ್ಲ, ಎಂಥಾ ದೊಡ್ಡ ಮನಸ್ಸು" ಎಂದಳು. ಅದು ನನ್ನ ಕಿವಿಗೆ ಬಿತ್ತು. ಸುಳ್ಳು ಯಾಕೆ, ಹಿತವಾಗಿ ಬಿತ್ತು. ತನ್ನವರು ಎಂದು ಪಕ್ಷಪಾತ ಮಾಡುತ್ತಾಳೆ ಎಂಬ ಮಾತಿಗೆ ನನಗೆ ಮೊದಲಿಂದಲೂ ಭಯ, ನಿನಗೆ ಗೊತ್ತು. ಅವತ್ತು ಸಂಜೆಯವರೆಗೆ ನಾನು ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಿದ್ದೆ.

ಸಂಜೆ ಆರಕ್ಕೆ ಗುಂಡನ ರಕ್ತ ಪರೀಕ್ಷೆಗೆ ಹೋಯಿತು. ಇಪ್ಪತ್ತೂವರೆ ಎಂದು ಬಂತು. ಏರಿದೆ ಎಂದರೆ ಏರಿದೆ ಎಂದು ನಂಬಬೇಕಲ್ಲವೇ? ರೇಡಿಯೋ ಕೂಡ, "ಸಿಸ್ಟರ್, ವಾಪಸ್ ಹೊಸದಕ್ಕೆ ಹಾಕೋಣ್ವಾ?" ಎಂದು ಕೇಳಿದಳು. ನಾನು ಗದರಿಸಿದೆ. "ಹಸಿರು ಮುಚ್ಚಳದ್ದು ಏರತ್ತೇನೇ? ಲ್ಯಾಬಿನವರು ಯಾರದ್ದೋ ರಕ್ತ ಅದಲುಬದಲು ಮಾಡಿದಾರೆ. ಬೆಳಿಗ್ಗೆ ಇನ್ನೊಂದ್ಸಲ ಕಳ್ಸು." ಡಾಕ್ಟರಿಗೂ ಹಾಗೇ ಹೇಳಿ ಕಳಿಸಿದೆ. ನನ್ನ ಮಾತು ಎಂದು ಅವರೂ ಬಿಟ್ಟರು. ಕಾಗದದ ಮೇಲಿನ ಅಂಕಿಗಿಂತ ನನಗೆ ಮುಚ್ಚಳದ ಬಣ್ಣವೇ ಹೆಚ್ಚಾಯಿತು.

ಬೆಳಿಗ್ಗೆ ಏಳಕ್ಕೆ ಇಪ್ಪತ್ತಾರು. ಆಮೇಲಿನದು ನಿನಗೆ ಗೊತ್ತು. ಗುಂಡ ಬಿಲ್ಲಿನ ಹಾಗೆ ಬೆನ್ನು ಬಾಗಿಸಿ, ಸಣ್ಣ ದನಿಯಲ್ಲಿ ಕೀರಿ ಅಳುತ್ತಿದ್ದ. ಹೊಕ್ಕುಳಿಗೆ ನಳಿಕೆ ಹಾಕಿ ಮೈಯ ರಕ್ತವೆಲ್ಲ ತೆಗೆದು ಬೇರೆ ರಕ್ತ ತುಂಬಿದರು. ಸಿರಿಂಜು ಹಿಡಿದು ಪಕ್ಕದಲ್ಲಿ ನಿಂತವಳು ನಾನೇ. ಕೈ ನಡುಗಲಿಲ್ಲ. ಆಗ ನನಗೇನೂ ಗೊತ್ತಿರಲಿಲ್ಲವಲ್ಲ.

ಹೊರಗೆ ನೀವೆಲ್ಲ ಬೆಂಚಿನ ಮೇಲೆ ಕೂತಿದ್ದಿರಿ. ನಿಮ್ಮತ್ತೆ ಎದ್ದು ಬಂದು, "ಇಳೀತಾ ಇದೆ ಅಂದ್ರಲ್ಲಮ್ಮ, ಯಾಕೆ ಹೀಗಾಯ್ತು?" ಎಂದು ಕೇಳಿದರು. ನಾನು ಹೇಳಿದ್ದನ್ನು ಇಲ್ಲಿ ಅಕ್ಷರ ಬಿಡದೆ ಬರೆಯುತ್ತೇನೆ. "ಔಷಧಿ ಕೊಟ್ಟಿದೀವಿ, ಬೆಳಕೂ ಕೊಟ್ಟಿದೀವಿ. ಇವಳು ಅತ್ತ ಅಂತ ಸುಮ್ಸುಮ್ನೆ ಎತ್ಕೋತಾ ಕೂತ್ರೆ ಬೆಳಕು ಮೈಗೆ ಹತ್ತೋದು ಹೇಗೆ?" ಎಂದೆ.

ಇದು ಬೇಕೆಂದು ಹೇಳಿದ ಸುಳ್ಳಲ್ಲ ಎಂದು ನಿನಗೆ ಹೇಗೆ ನಂಬಿಸಲಿ? ನನಗೆ ಹಾಗೇ ಅನ್ನಿಸಿತ್ತು. ಔಷಧಿ ಇದೆ, ದೀಪ ಇದೆ, ಆದರೂ ಏರಿದೆ ಎಂದರೆ ಉಳಿದದ್ದು ತಾಯಿ ಒಬ್ಬಳೇ. ನೀನು ಆ ಬೆಂಚಿನ ತುದಿಯಲ್ಲಿ ತಲೆ ಎತ್ತಲಿಲ್ಲ.

ಸೋಮವಾರ, ಮಧ್ಯಾಹ್ನದ ಊಟದ ಬಿಡುವು

ನಿನ್ನೆ ಅಷ್ಟಕ್ಕೇ ನಿಲ್ಲಿಸಿದೆ, ಮುಂದೆ ಬರೆಯಲಾಗಲಿಲ್ಲ. ಈಗ ಬಟ್ಟೆ ಮಡಿಸುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಡಬ್ಬಿ ಬಿಚ್ಚಿಲ್ಲ. ರೇಡಿಯೋ ಎರಡು ಸಲ ಇಣುಕಿ ನೋಡಿ ಏನೂ ಹೇಳದೆ ಹೋದಳು. ಅವಳು ಮಾತಾಡದೆ ಹೋಗುವುದನ್ನು ನಾನು ಇದೇ ಮೊದಲು ನೋಡುತ್ತಿರುವುದು.

ಶುಕ್ರವಾರ ನಾನು ಹಳೆಯ ಕಾಗದಪತ್ರಗಳ ಕೋಣೆಗೆ ಹೋಗಿ ಗುಂಡನ ಕಟ್ಟು ತೆಗೆಸಿದೆ. ಪ್ರತಿ ತೊಟ್ಟಿಲ ಕಾಲಿಗೂ ಒಂದು ಹಾಳೆ ತೂಗುಹಾಕಿರುತ್ತೇವೆ, ಮಗುವನ್ನು ಬೆಳಕಿನಿಂದ ಎತ್ತಿದ ಹೊತ್ತು, ಮತ್ತೆ ಮಲಗಿಸಿದ ಹೊತ್ತು. ಐದು ತಿಂಗಳಲ್ಲಿ ಅದನ್ನು ಯಾರೂ ಕೂಡಿಸಿ ನೋಡಿರಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು ಬೆರಳೆಣಿಸಿ ಕೂಡಿಸಿದೆ. ನೀನು ಕೇಳಿದ ಉತ್ತರ ಇಲ್ಲಿದೆ. ಇಪ್ಪತ್ತಾರಕ್ಕೆ ಏರುವ ಮೊದಲಿನ ಆ ಇಪ್ಪತ್ನಾಲ್ಕು ಗಂಟೆಯಲ್ಲಿ ನೀನು ಗುಂಡನನ್ನು ಎತ್ತಿಕೊಂಡದ್ದು ಎಂಟು ಸಲ. ಎಂಟೂ ಹಾಲು ಕುಡಿಸಲು. ಒಟ್ಟು ಎರಡು ಗಂಟೆ ಹತ್ತು ನಿಮಿಷ. ಹೊಲಿಗೆಯವಳ ಹಾಳೆಯನ್ನೂ ತೆಗೆಸಿದೆ. ಅವಳು ಮೂರು ಗಂಟೆ ನಲವತ್ತು ನಿಮಿಷ. ಅವಳ ಮಗುವಿಗೆ ಏನೂ ಆಗಲಿಲ್ಲ. ಅವತ್ತು ವಾರ್ಡಿನಲ್ಲಿದ್ದ ಆರು ತಾಯಂದಿರಲ್ಲಿ ಎಲ್ಲರಿಗಿಂತ ಕಡಿಮೆ ಹೊತ್ತು ಮಗುವನ್ನು ಎತ್ತಿಕೊಂಡವಳು ನೀನು. ಅತ್ತರೂ ಎತ್ತಿಕೊಳ್ಳದೆ, ಕೈ ಒಳಗೆ ಹಾಕಿ ತಟ್ಟುತ್ತಾ ಕೂತಿದ್ದೆ ಎಂದು ರೇಡಿಯೋ ಅಂಚಿನಲ್ಲಿ ಬರೆದಿದ್ದಾಳೆ.

ಈ ಪ್ಯಾರಾವನ್ನು ನಿಮ್ಮತ್ತೆಗೆ ಎರಡು ಸಲ ಓದು.

ಅದೇ ಹಾಳೆಯ ಮೇಲುಗಡೆ ನನ್ನ ಕೈಬರಹ, "ದೀಪ ೫" ಎಂಬುದನ್ನು ಹೊಡೆದು "ದೀಪ ೨". ಕೆಳಗೆ ದುಂಡಗೆ ನನ್ನ ಸಹಿ. ಅದನ್ನು ಎಷ್ಟು ಚೆಂದವಾಗಿ ಹಾಕಿದ್ದೇನೆ ನೋಡು.

ಶನಿವಾರ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ನಿಂತುಕೊಂಡೇ ಹೇಳಿದೆ. ಅವರು ಎದ್ದು, ತಾವೇ ಹೊಸ ಬ್ಯಾಟರಿ ತರಿಸಿ, ಯಂತ್ರ ಹಿಡಿದು ವಾರ್ಡಿಗೆ ಬಂದರು. ಎರಡನೇ ನಂಬರಿನ ದೀಪದ ಬಲ ಹೊಸದರ ಮೂರರಲ್ಲಿ ಒಂದು ಪಾಲೂ ಇರಲಿಲ್ಲ. "ಇದಕ್ಕೆ ನಾನೂ ಜವಾಬ್ದಾರ. ಅಳತೆ ಮಾಡಿದಾರಾ ಅಂತ ನಾನೂ ಕೇಳ್ಲಿಲ್ಲ" ಎಂದರು.

"ಡಾಕ್ಟ್ರೇ, ಹಸಿರೇ ಔಷಧಿ ಆಗಿದ್ದಿದ್ರೆ?" ಎಂದು ಕೇಳಿದೆ. ಏನು ಕೇಳಬೇಕೆಂದು ಕೇಳಿದೆನೋ. ಮುಳುಗುವವಳು ಏನನ್ನಾದರೂ ಹಿಡಿಯುತ್ತಾಳೆ.

"ಆಗಿದ್ರೂ ದೀಪ ಕಡಿಮೆ ಮಾಡೋ ಹಾಗಿರಲಿಲ್ಲ, ಸಿಸ್ಟರ್. ಔಷಧಿ ಬೆಳಕಿನ ಜೊತೆಗೆ. ಬೆಳಕಿನ ಬದಲಿಗೆ ಅಲ್ಲ. ಒಪ್ಪಿಗೆ ಕಾಗದದಲ್ಲಿ ಮೊದಲನೇ ಸಾಲೇ ಅದು." ಅವರು ಗದರಿಸಲಿಲ್ಲ. ಗದರಿಸಿದ್ದರೆ ನನಗೆ ತಿರುಗಿ ಮಾತಾಡಲು ಬರುತ್ತಿತ್ತು.

ಆ ಕಾಗದವನ್ನು ಎಷ್ಟು ತಾಯಂದಿರಿಗೆ ನಾನೇ ಓದಿ ಹೇಳಿದ್ದೇನೆ! ಔಷಧಿಯಿಂದ ಉಪಯೋಗವಾಯಿತೋ ಇಲ್ಲವೋ ಎಂಬುದು ಇನ್ನೂ ಲೆಕ್ಕದಲ್ಲೇ ಇದೆ. ಇಳಿಸಿದ್ದರೂ ಕೆಲವು ಗಂಟೆ ಬೇಗ ಇಳಿಸಿರಬಹುದು ಎನ್ನುತ್ತಾರೆ. ಆ ಕೆಲವು ಗಂಟೆಯ ಮೇಲೆ ನಾನು ಗುಂಡನ ಎರಡು ಕಿವಿ ಪಣವಿಟ್ಟು ಆಡಿದೆ.

ಹೇಳಿಕೆ ಬರೆದುಕೊಟ್ಟಿದ್ದೇನೆ. ಮೂರು ಜನ ಕೂತು ವಿಚಾರಣೆ ಮಾಡುತ್ತಾರಂತೆ. ನಿಮ್ಮನ್ನೂ ಕರೆಯುತ್ತಾರೆ. ಬನ್ನಿ. ನನ್ನ ಮುಖ ನೋಡಬೇಡ, ನಿನಗೆ ಏನು ಅನ್ನಿಸಿತೋ ಅದನ್ನು ಹೇಳು. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಅದರ ಬಗ್ಗೆ ಯೋಚಿಸಲು ಕೂತರೂ ಮನಸ್ಸು ಅಲ್ಲಿ ನಿಲ್ಲುತ್ತಿಲ್ಲ. ಹಳೆಯ ದೀಪ ಎರಡನ್ನೂ ನಿನ್ನೆಯೇ ಹೊರಗೆ ಹಾಕಿಸಿದರು. ಮೆಟ್ಟಿಲ ಕೆಳಗೆ ಬಿದ್ದಿವೆ, ಬರುತ್ತಾ ಹೋಗುತ್ತಾ ಕಾಲಿಗೆ ಸಿಗುತ್ತವೆ.

ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳು. ಅವರು ನಿನ್ನನ್ನು ಬೈದದ್ದೆಲ್ಲ ನಾನು ಅವರ ಬಾಯಿಗೆ ಕೊಟ್ಟ ಮಾತು. ಅವರ ತಪ್ಪಿಲ್ಲ. ಇನ್ನು ಮುಂದೆ ಬೈಯಬೇಕೆನ್ನಿಸಿದಾಗಲೆಲ್ಲ ನನಗೆ ಫೋನ್ ಮಾಡಲಿ. ಮಂಡಿಯ ವಿಷಯ ತೆಗೆಯುವುದಿಲ್ಲ, ಕೇಳಿಸಿಕೊಳ್ಳುತ್ತೇನೆ. ನಿಮ್ಮವರು ಸಹಿ ಹಾಕುವಾಗ ಹಿಂಜರಿದದ್ದಕ್ಕೆ ನಾನು ಅವತ್ತು ಅವರನ್ನು ಹಾಸ್ಯ ಮಾಡಿದ್ದೆ. ಅದಕ್ಕೂ ಕ್ಷಮೆ ಕೇಳಿದೆ ಎಂದು ಹೇಳು.

ಹೊಟ್ಟೆಗೆ ಹಾಕಿಕೋ ಎಂದು ನಿನ್ನನ್ನು ಕೇಳುವುದಿಲ್ಲ. ಇದು ಹೊಟ್ಟೆಗೆ ಹಾಕಿಕೊಳ್ಳುವಷ್ಟು ಸಣ್ಣದಲ್ಲ. ಗುಂಡನಿಗೆ ಯಂತ್ರ ಹಾಕುವ ದಿನ ನಾನು ಬರಬಹುದೋ ಬೇಡವೋ, ಅದನ್ನು ಮಾತ್ರ ಬರೆ. ಬೇಡ ಎಂದರೆ ಬರುವುದಿಲ್ಲ. ನಿನಗೆ ಎದೆ ಗಟ್ಟಿಯಾಗಿರಲಿ, ಗುಂಡ ನೂರು ಕಾಲ ಬಾಳಲಿ, ಅವನ ಮಾತು ಮನೆ ತುಂಬಲಿ. ದೊಡ್ಡಮ್ಮ ಎಂದು ಅವನು ಕರೆಯುವ ದಿನ ಬಂದರೆ ಯಾರನ್ನು ಕರೆಯುತ್ತಿದ್ದಾನೆ ಎಂದು ಅವನಿಗೆ ತಿಳಿಸಿಯೇ ಕರೆಸು.

ಇಂತಿ,
ನಿನ್ನ ಅಕ್ಕ

ಹಿಂಬರಹ:

ಈ ಹಾಳೆ ಬೇರೆ ಇದೆ, ನೋಡಿದೆಯಲ್ಲ. ಇದನ್ನು ಯಾರಿಗೂ ಓದಬೇಡ. ಇದು ನಿನಗೆ ಮಾತ್ರ.

ಒಳಗೆ ಒಂದು ಕಡೆ, "ನಿನಗೆ ಹೇಳಿದೆ, ನೀನು ತಲೆಯಾಡಿಸಿದೆ" ಎಂದು ಬರೆದಿದ್ದೇನೆ. ಹೇಳಿಕೆಯಲ್ಲೂ ಹಾಗೇ ಬರೆದುಕೊಟ್ಟಿದ್ದೆ. ಇವತ್ತು ಬೆಳಿಗ್ಗೆ ಹೋಗಿ ಅದನ್ನು ತಿದ್ದಿ ಬಂದೆ. ಕಾಗದದಲ್ಲಿ ತಿದ್ದಲು ಕೈ ಬರಲಿಲ್ಲ, ಅದಕ್ಕೇ ಈ ಹಾಳೆ.

ನೀನು ತಲೆಯಾಡಿಸಲಿಲ್ಲ. ಗುಂಡನನ್ನು ನಾನು ಎತ್ತಲು ಹೋದಾಗ ತೊಟ್ಟಿಲ ಕಂಬಿ ಹಿಡಿದುಕೊಂಡೆ. "ಅಕ್ಕಾ, ಇವತ್ತೊಂದಿನ ಇಲ್ಲೇ ಇರ್ಲಿ ಕಣೇ. ಈಗಿನ್ನೂ ಇಳೀತಾ ಇದೆ" ಎಂದೆ. "ಪ್ರಪಂಚಕ್ಕೆಲ್ಲ ನಿನ್ನ ಮಗು ಒಂದೇನಾ?" ಎಂದು ನಾನು ವಾರ್ಡಿಗೆಲ್ಲ ಕೇಳುವ ಹಾಗೆ ಕೇಳಿದೆ. ಆದರೂ ನೀನು ಕೈ ಬಿಡಲಿಲ್ಲ. ನಿನ್ನ ಬೆರಳುಗಳನ್ನು ಕಂಬಿಯಿಂದ ಒಂದೊಂದಾಗಿ ಬಿಡಿಸಿದವಳು ನಾನು.

ಅದಾಗಿ ಐದು ತಿಂಗಳು. ಬೆಂಚಿನ ಮೇಲೆ ನಾನು ನಿನ್ನನ್ನು ದೂರಿದೆ. ಮನೆಯಲ್ಲಿ ನಿಮ್ಮತ್ತೆ ದೂರಿದರು. ನಿಮ್ಮವರು ಎಷ್ಟೋ ದಿನ ನಿನ್ನ ಜೊತೆ ಮಾತು ಬಿಟ್ಟಿದ್ದರು ಎಂದು ಕೇಳಿದೆ. ಯಾರೆದುರಿಗೂ, ಒಂದು ಸಲವೂ, ದೀಪ ಬದಲಾಯಿಸಿದ್ದು ಅಕ್ಕ, ಬೇಡ ಎಂದು ನಾನು ಹೇಳಿದ್ದೆ ಎಂಬ ಮಾತು ನಿನ್ನ ಬಾಯಿಂದ ಬರಲಿಲ್ಲ.

ಅದು ನಿನಗೆ ಮರೆತೇಹೋಗಿತ್ತಾ? ಅಥವಾ ನೆನಪಿದ್ದೂ ನನ್ನನ್ನು ಉಳಿಸಲು ಸುಮ್ಮನಿದ್ದೆಯಾ?

ಮರೆತಿದ್ದೆ ಎಂದು ಬರೆ, ಗುಬ್ಬಿ. ಸುಳ್ಳಾದರೂ ಹಾಗೇ ಬರೆ.